ಎರಡೇ ಸೀಟಿನ ಕಾರು ಮತ್ತು ಅಂಬಾರಾಯನ ಡೈರಿ

ಸಾಹೇಬರು ಹೊಸ ಕಾರು ಕೊಳ್ಳುತ್ತಾರೆಂದರೆ ಡ್ರೈವರಿಗೆ ಹಬ್ಬ. ಅಂಬಾರಾಯನಿಗೂ ಮೊದಲ ಐದು ನಿಮಿಷ ಹಬ್ಬವೇ ಆಗಿತ್ತು. ಆಮೇಲೆ ಮಧುಕರ ಇನಾಮದಾರರು ಮೊಬೈಲಿನಲ್ಲಿ ಫೋಟೊ ತೋರಿಸಿದರು. ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಮಲಗಿದಂಥ ಮೈ, ಎರಡು ಬಾಗಿಲು. ಅಂಬಾರಾಯ ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ಹಿಂದಿನ ಸೀಟು ಹುಡುಕಿದ. ಇರಲಿಲ್ಲ.

“ಇದ್ರಾಗ ನೀವು ಎಲ್ಲಿ ಕುಂದರ್ತೀರಿ, ಸಾಹೇಬ್ರ?”

“ಸ್ಟೇರಿಂಗ್ ಮುಂದ! ಅರವತ್ತಾರು ತುಂಬಿದುವು. ಇನ್ನ್ಯಾವಾಗ ಓಡಿಸಬೇಕೋ ನಾ?”

ಅಂಬಾರಾಯ ಕಲಬುರಗಿ ಕಡೆಯವನು. ಪುಣೆಗೆ ಬಂದದ್ದು ಸಿಮೆಂಟು ಹೊರಲು. ವಿಮಾನ ನಗರದಲ್ಲಿ ಈಗ ಮಧುಕರರು ಇರುವ ಒಂಬತ್ತನೆಯ ಮಹಡಿಗೂ ಅವನು ಸಿಮೆಂಟು ಹೊತ್ತಿದ್ದಾನೆ. ಅದೇ ಕಟ್ಟಡದ ನೀರಿನ ಟ್ಯಾಂಕರಿನ ಮೇಲೆ ಡ್ರೈವಿಂಗ್ ಕಲಿತ. ಮೊದಲ ನೌಕರಿಯಲ್ಲಿ ಯಾರೋ ಪೆಟ್ರೋಲ್ ಕಳ್ಳ ಎಂದರು. ಅವನು ಕದ್ದಿರಲಿಲ್ಲ, ಆದರೆ ಕದ್ದಿಲ್ಲವೆಂದು ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಅಂದಿನಿಂದ ದಿನವೂ ಬೆಳಿಗ್ಗೆ ಎಷ್ಟು ಕಿಲೋಮೀಟರ್, ಸಂಜೆ ಎಷ್ಟು ಎಂದು ಡೈರಿಯಲ್ಲಿ ಬರೆಯುತ್ತಾನೆ. ಮಧುಕರರ ಹತ್ತಿರ ಹದಿನಾಲ್ಕು ವರ್ಷ, ಹದಿನಾಲ್ಕು ಡೈರಿ. ಅವರು ಒಂದನ್ನೂ ತೆರೆದು ನೋಡಿದವರಲ್ಲ, ಇವನು ಒಂದು ದಿನವೂ ಬರೆಯುವುದು ಬಿಟ್ಟವನಲ್ಲ.

ಮಧುಕರರು ಧಾರವಾಡದವರು. ಭೋರ್ ಹತ್ತಿರ ಸ್ಪ್ರಿಂಗ್ ತಯಾರಿಸುವ ಸಣ್ಣ ಕಾರ್ಖಾನೆ. ಕೆಲಸಗಾರರ ಜೊತೆ ಮರಾಠಿ, ಗಿರಾಕಿಗಳ ಜೊತೆ ಹಿಂದಿ, ಬ್ಯಾಂಕಿನವರ ಜೊತೆ ಇಂಗ್ಲಿಷ್. ಕನ್ನಡವೆಂದರೆ ಕಾರಿನಲ್ಲಿ, ಹೋಗಿ ಬರುವ ಮೂರು ಗಂಟೆ. ಅವರು ಹಿಂದೆ ಎಡಗಡೆ ಕೂರುತ್ತಾರೆ, ಇವನು ಕನ್ನಡಿಯಲ್ಲಿ ಅವರನ್ನು ನೋಡುತ್ತ ಮಾತಾಡುತ್ತಾನೆ. ಧಾರವಾಡದ ಕನ್ನಡ ಚಂದವೋ ಕಲಬುರಗಿಯದೋ ಎಂಬ ಜಗಳ ಹದಿನಾಲ್ಕು ವರ್ಷವಾದರೂ ಬಗೆಹರಿದಿಲ್ಲ. ಬಗೆಹರಿಯಲಿ ಎಂದು ಇಬ್ಬರಿಗೂ ಇಲ್ಲ.

ಈಗ ಕಾರು ಬರುವುದು ಎರಡು ದಾರಿಯಲ್ಲಿ. ಲೀಸ್ ಮೇಲೆ ತಂದರೆ ತಿಂಗಳ ಬಾಡಿಗೆ ಕಟ್ಟುತ್ತ ಹೋಗುವುದು. ಹಳೆಯ ಕಾರು ಮನೆಯಲ್ಲೇ ಉಳಿಯುತ್ತದೆ, ಅದರ ಜೊತೆ ಅಂಬಾರಾಯನೂ ಉಳಿಯುತ್ತಾನೆ. ಕೊಂಡರೆ ಹಳೆಯದು ಎಕ್ಸ್‌ಚೇಂಜಿಗೆ ಹೋಗುತ್ತದೆ. ಓಡಿಸಲು ಬೇರೆ ಕಾರಿಲ್ಲದ ಮನೆಯಲ್ಲಿ ಡ್ರೈವರ್ ಏನು ಮಾಡಬೇಕು? ಮಧುಕರರು ಅದನ್ನೂ ಪ್ರೀತಿಯಿಂದಲೇ ಹೇಳಿದ್ದರು. “ಹಂಗೇನರ ಆದ್ರ ನಿನ್ನ ಬ್ಯಾರೆ ಕಡೆ ಹಚ್ಚಿಕೊಡ್ತೀನಿ. ಚಿಂತಿ ಮಾಡಬ್ಯಾಡ.” ಚಿಂತೆ ಮಾಡಬೇಡ ಎಂದು ಯಾರಾದರೂ ಹೇಳುವವರೆಗೆ ಅಂಬಾರಾಯ ಚಿಂತೆ ಮಾಡಿರಲಿಲ್ಲ.

ಭಾನುವಾರ ಎಲ್ಲರೂ ಶೋರೂಮಿಗೆ ಹೋದರು. ಕಾರ್ಖಾನೆಯ ಲೆಕ್ಕ ನೋಡುವ ಹರ್ಷದಾ ಲ್ಯಾಪ್‌ಟಾಪ್ ತಂದಿದ್ದಳು. ಅಂಬಾರಾಯನಿಗೂ ಸೋಫಾ ಸಿಕ್ಕಿತು, ಅದರಲ್ಲಿ ಎಷ್ಟು ಹುಗಿದುಹೋದನೆಂದರೆ ಮೊಣಕಾಲು ಎದೆಗೆ ಬಂದವು. ಸೇಲ್ಸ್‌ಮನ್ ಪ್ರಣವ “ಕಾಕಾ, ಚಹಾ ಘ್ಯಾ” ಎಂದು ಅವನಿಗೂ ಕಪ್ಪು ಕೊಟ್ಟ.

ಹರ್ಷದಾ ಓದಿದಳು. ಲೀಸ್ ಆದರೆ ತಿಂಗಳಿಗೆ ಎರಡು ಲಕ್ಷ ಅರವತ್ತು ಸಾವಿರ. ಇನ್ಶುರೆನ್ಸು, ಸರ್ವಿಸು, ಟಾಯರು ಎಲ್ಲ ಅದರಲ್ಲೇ. ಕೊಂಡರೆ ರಸ್ತೆಗೆ ಇಳಿಯುವಾಗಲೇ ಒಂದು ಕೋಟಿ ಎಪ್ಪತ್ತು ಲಕ್ಷ. ನಾಲ್ಕು ವರ್ಷದ ಮೇಲೆ ಮಾರಿದರೆ ಬರುವುದೆಷ್ಟು, ತೆರಿಗೆಯಲ್ಲಿ ಉಳಿಯುವುದೆಷ್ಟು, ಎಲ್ಲ ಹಿಡಿದು ಕೂಡಿಸಿ ಕಳೆದಳು. ಲೀಸೇ ಸರಿ, ಸರ್, ಇಪ್ಪತ್ತು ಲಕ್ಷ ಉಳಿಯುತ್ತದೆ ಎಂದಳು ಮರಾಠಿಯಲ್ಲಿ.

ಅಂಬಾರಾಯನಿಗೆ ಆ ಚಹಾ ಒಮ್ಮೆಲೇ ರುಚಿಯಾಯಿತು. ಹರ್ಷದಾಳ ಕೈ ಹಿಡಿದು ಕುಣಿಯಬೇಕು ಅನಿಸಿತು.

ಅಷ್ಟರಲ್ಲಿ ಪ್ರಣವ ಕೇಳಿದ, ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ? ಲೀಸಿನಲ್ಲಿ ಹನ್ನೆರಡು ಸಾವಿರದ ಮಿತಿ. ಅದರ ಮೇಲೆ ಕಿಲೋಮೀಟರಿಗೆ ತೊಂಬತ್ತು ರೂಪಾಯಿ.

“ಹನ್ನೆರಡರ ಒಳಗs ಇರಬೇಕು” ಎಂದರು ಮಧುಕರರು. ಹಿಂದೆ ಕೂತವರಿಗೆ ದೂರ ತಿಳಿಯುವುದಿಲ್ಲ. “ಹೌದಲ್ಲೋ, ಅಂಬಾರಾಯ? ಇನ್ನ ದಿನಾ ಭೋರಿಗೆ ಈ ಕೆಂಪು ಗಾಡಿನs.”

‘ಹೌದ್ರಿ’ ಎಂದರೆ ಮುಗಿಯುತ್ತಿತ್ತು. ಎರಡೂವರೆ ಅಕ್ಷರ. ಯಾರೂ ಡೈರಿ ಕೇಳುತ್ತಿರಲಿಲ್ಲ, ತಪ್ಪು ಬಯಲಾಗುವ ಹೊತ್ತಿಗೆ ವರ್ಷ ಕಳೆದಿರುತ್ತಿತ್ತು. ಅಂಬಾರಾಯನ ಬಾಯಿಯೂ ತೆರೆಯಿತು. ಆದರೆ ಹದಿನಾಲ್ಕು ವರ್ಷ ಒಂದಂಕಿ ಹೆಚ್ಚುಕಡಿಮೆ ಬರೆಯದ ಕೈ ತಾನಾಗಿಯೇ ಚೀಲಕ್ಕೆ ಹೋಯಿತು.

“ಇಪ್ಪತ್ತೆಂಟು ಸಾವಿರದ ನಾಕ್‌ನೂರಾ ಹದಿನಾರು, ಸಾಹೇಬ್ರ. ಹೋದ ವರ್ಷದ್ದು.”

ಹರ್ಷದಾ ಮತ್ತೆ ಕೂಡಿಸಿದಳು. ನಾಲ್ಕು ವರ್ಷಕ್ಕೆ ಐವತ್ತೊಂಬತ್ತು ಲಕ್ಷ ಹೆಚ್ಚು. ಲೀಸು ಅಲ್ಲಿಗೇ ನೆಲ ಕಚ್ಚಿತು. “ಭಾಳ ಛಲೋ ಹೇಳಿದಿ ನೋಡು!” ಎಂದು ಮಧುಕರರು ಅವನ ಬೆನ್ನು ತಟ್ಟಿ, ಕೊಳ್ಳುವ ಕಾಗದಕ್ಕೆ ಸಹಿ ಹಾಕಿದರು. ತಾವು ತಟ್ಟಿದ್ದು ಯಾರ ಬೆನ್ನು ಎಂಬುದು ಆ ಸಂಭ್ರಮದಲ್ಲಿ ಅವರಿಗೆ ಹೊಳೆಯಲಿಲ್ಲ.

ಬಿಬವೇವಾಡಿಯ ಮನೆಯಲ್ಲಿ ಹೆಂಡತಿ ಯಂಕವ್ವ ಎಲ್ಲವನ್ನೂ ಕೇಳಿ ಲಟ್ಟಣಿಗೆ ಕೆಳಗಿಟ್ಟಳು. “ಹನ್ನೆರಡು ಅಂದಿದ್ರ ನಿನ್ನ ನಾಲಗಿ ಸವೀತಿತ್ತೇನು?”

“ಡೈರ್ಯಾಗ ಇಪ್ಪತ್ತೆಂಟ್ ಅದ.”

“ಹಂಗಾರ ಡೈರಿನೇ ತಿನ್ನು” ಎಂದಳು. ಆದರೂ ತಟ್ಟೆಯಲ್ಲಿ ಚಪಾತಿ ಒಂದು ಹೆಚ್ಚೇ ಇತ್ತು.

ಕಾರು ಕೈಗೆ ಬರುವ ದಿನ ಅಂಬಾರಾಯ ಬೇಗ ಹೋದ. ಕೊನೆಯ ಕೆಲಸ, ಚೆನ್ನಾಗಿಯೇ ಆಗಲಿ ಎಂದುಕೊಂಡು ಹಾರ ಹಾಕಿದ, ಕುಂಕುಮ ಹಚ್ಚಿದ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ, ಕಾಯಿ ಒಡೆದ. ಹಳೆಯ ಕಾರನ್ನು ಯಾರೋ ಒಳಗೆ ಒಯ್ಯುವಾಗ ಮಾತ್ರ ಅತ್ತ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದ. ಮನೆಗೆ ಹೋಗಲು ತನ್ನ ಸ್ಕೂಟರನ್ನು ಗೇಟಿನ ಹೊರಗೆ ನಿಲ್ಲಿಸಿದ್ದ.

ಮಧುಕರರು ಕೀಲಿ ಹಿಡಿದು ಫೋಟೊ ತೆಗೆಸಿಕೊಂಡರು. ಎಲ್ಲರಿಗೂ ಕೈ ಬೀಸಿ ಕಾರಿನ ಕಡೆ ನಡೆದರು. ಕಾರನ್ನು ಸುತ್ತಿ, ಎಡಗಡೆಯ ಬಾಗಿಲು ತೆರೆದು, ಮೊಣಕಾಲು ಹಿಡಿದುಕೊಂಡು “ಅಯ್ಯಪ್ಪಾ” ಎನ್ನುತ್ತ ಇಳಿದು ಕುಳಿತರು. ಬೆಲ್ಟು ಹಾಕಿದರು. ಸುಮ್ಮನೆ ಕಾದರು.

ಪ್ರಣವ ಹರ್ಷದಾಳ ಮುಖ ನೋಡಿದ. ಹರ್ಷದಾ ಬೇರೆಲ್ಲೋ ನೋಡಿದಳು. ಕಿಟಕಿಯ ಗಾಜು ಕೆಳಗಿಳಿಯಿತು.

“ಅಂಬಾರಾಯ, ಯಾಕ ನಿಂತಿ? ಹೊತ್ತಾತು, ನಡಿ.”

ಎಂದ ಮೇಲೆ ಅವರ ಕಣ್ಣಿಗೆ ತಮ್ಮ ಕೈಯಲ್ಲಿದ್ದ ಕೀಲಿ ಬಿತ್ತು. ಬಲಗಡೆ ಖಾಲಿ ಇದ್ದ ಸ್ಟೇರಿಂಗ್ ಕಂಡಿತು. ಮುಖ ಕಾರಿನ ಬಣ್ಣಕ್ಕೆ ತಿರುಗಿತು. ಎದ್ದು ಆ ಕಡೆ ಹೋಗಬಹುದಿತ್ತು, ಆದರೆ ಅಷ್ಟು ಕೆಳಗಿನ ಸೀಟಿನಿಂದ ಏಳುವುದು ಆ ಮೊಣಕಾಲುಗಳಿಗೆ ಸುಲಭದ ಮಾತಾಗಿರಲಿಲ್ಲ. ಅವರು ಕೀಲಿಯನ್ನು ಕಿಟಕಿಯಿಂದ ಹೊರಗೆ ಚಾಚಿದರು.

“ನಗಬ್ಯಾಡ. ತಗೋ. ರವಿವಾರ ಒಂದಿಷ್ಟು ನಾ ಓಡಸ್ತೀನಿ. ಉಳದ ದಿನ ಯಾವಾಗಿನಂಗ ಎಂಟಕ್ಕ ಬಾ.”

ಅಂಬಾರಾಯ ನಗುತ್ತಿರಲಿಲ್ಲ, ಅಳುತ್ತಿದ್ದ. ಅಂಗಿಯ ತೋಳಿಗೆ ಮುಖ ಒರೆಸಿ ಒಳಗೆ ಕುಳಿತ. ರೂಢಿಯಂತೆ ಕಣ್ಣು ಕನ್ನಡಿಗೆ ಹೋಯಿತು. ಅಲ್ಲಿ ಸಾಹೇಬರಿರಲಿಲ್ಲ, ಶೋರೂಮಿನ ಗೋಡೆ ಇತ್ತು. ಎಡಕ್ಕೆ ತಿರುಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸಾಹೇಬರು ಒಂದು ಗೇಣು ದೂರದಲ್ಲಿ ಇದ್ದರು, ಕಿವಿಯ ಮೇಲಿನ ಬಿಳಿ ಕೂದಲೂ ಕಾಣುವಷ್ಟು ಹತ್ತಿರ.

“ಡೈರಿ ತಂದೀಯೋ ಇಲ್ಲೋ?”

“ತಂದೀನ್ರಿ.”

“ಬರಿ ಮತ್ತ.”

ಅಂಬಾರಾಯ ಹೊಸ ಹಾಳೆ ತೆರೆದು, ತಾರೀಖು ಹಾಕಿ, ಕಿಲೋಮೀಟರ್ ಹನ್ನೊಂದು ಎಂದು ಬರೆದ.