ಹಲಗೆಗೆ ಹಚ್ಚಿದ ಗಂಧ

ಮಕ್ಕಳೇ, ಹೋದ ಆಯುಧಪೂಜೆಗೆ ನೀವೆಲ್ಲ ಸಾಗರದಲ್ಲಿದ್ದಿರಿ. ನಿಮ್ಮ ದೊಡ್ಡಕ್ಕ ಮಾತ್ರ ಹೊಸನಗರಕ್ಕೆ ಬಂದಿದ್ದಳು, ಕಾಲೇಜಿನಿಂದ ಒಂದು ಹಲಗೆ ಹೊತ್ತುಕೊಂಡು. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಒತ್ತೊತ್ತಾಗಿ ತಾಮ್ರದ ತಂತಿ. ತಂತಿಗಳು ಕೂಡುವಲ್ಲೆಲ್ಲ ಒಂದೊಂದು ಬಿಂದು. ಬಿಂದು ಕರೆಂಟು ಬಿಟ್ಟರೆ ಒಂದು, ತಡೆದರೆ ಸೊನ್ನೆ. ಕಂಪ್ಯೂಟರಿನ ನೆನಪನ್ನು ಹೀಗೂ ಇಡಬಹುದಂತೆ. ನಿಜವಾದದ್ದು ಕಣ್ಣಿಗೇ ಕಾಣುವುದಿಲ್ಲವಂತೆ, ಇದು ದೊಡ್ಡದಾಗಿ ಮಾಡಿದ ಮಾದರಿ.

"ಒಬ್ರನ್ನ ಕೇಳಿದ್ರೆ ಅಕ್ಕಪಕ್ಕದೋರೆಲ್ಲ ಬಾಯಿ ಹಾಕ್ತಾರಲ್ಲ ಅಜ್ಜಿ, ಹಂಗೇ. ಒಂದು ಬಿಂದುನ ಕೇಳಿದ್ರೆ ಕರೆಂಟು ಪಕ್ಕದ್ರಲ್ಲೆಲ್ಲ ನುಸುಳಿ ಬಂದು ಸುಳ್ಳು ಹೇಳ್ತದೆ," ಎಂದಳು. ಅದಕ್ಕೇ ಪ್ರತಿ ಬಿಂದುವಿಗೂ ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡು ಕೂರಿಸಿ ಆ ಸೋರಿಕೆ ತಗ್ಗಿಸಿದ್ದಳು. ಅವಳ ಕಾಲೇಜಿನ ಮೇಷ್ಟ್ರು ರಜೆಯಲ್ಲೂ ಅದೇ ಮಧ್ಯಾಹ್ನ ವಿಡಿಯೋ ಫೋನಿನಲ್ಲಿ ಹಲಗೆ ನೋಡುವವರಿದ್ದರು. ಅವರು ಒಪ್ಪಿದರಷ್ಟೇ ಅವಳ ಕೆಲಸ ಮುಂದೆ ಸಾಗುತ್ತಿತ್ತು.

ಕತ್ತಿ, ಗುದ್ದಲಿ, ಮಿಕ್ಸಿಯ ಪಕ್ಕ ಹಲಗೆಯನ್ನೂ ಇಟ್ಟು, "ನೀನೇ ಪೂಜೆ ಮಾಡು," ಎಂದಳು. ನಿಮ್ಮಜ್ಜ ಹೋದ ಮೇಲೆ ನಾನು ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ.

"ನಾ ಮಾಡಬಾರ್ದು ಕಣೇ."

"ಯಾವ ಕಾಲದಲ್ಲಿದ್ದೀಯೇ? ಅಂಚಿಗೊಂದು ಬೊಟ್ಟು ಹಚ್ಚು ಸುಮ್ನೆ," ಎಂದು ಸ್ನಾನಕ್ಕೆ ಹೋದಳು.

ಅವಳೆಂದದ್ದು ಅಂಚಿಗೊಂದು ಬೊಟ್ಟು. ನಾನು ಸಂತೋಷದಲ್ಲಿ ಒಂದೂ ಬಿಡದೆ ಪ್ರತಿ ಬಿಂದುವಿಗೂ ತೇಯ್ದ ಗಂಧ, ಕಲಸಿದ ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಹರಡಿದೆ.

ಫೋನು ಬಂದಾಗಲೇ ಅವಳು ಹೂ ತೆಗೆದದ್ದು. ಅವಸರದಲ್ಲಿ ಬಟ್ಟೆಯಿಂದ ಒರೆಸಿದಳು. ಬಿಂದುಗಳ ನಡುವಿನ ಒದ್ದೆ ಹೋಗಲಿಲ್ಲ, ಕರೆಂಟು ಅದರಲ್ಲೇ ಹರಿಯಿತು.

"ಸೋರಿಕೆ ನಿಲ್ಲಿಸಿದೀನಿ ಅಂದ್ಯಲ್ಲಮ್ಮ? ಯಾವುದನ್ನ ಕೇಳಿದ್ರೂ ಒಂದೇ ಉತ್ತರ ಬರ್ತಿದೆ," ಎಂದರು ಮೇಷ್ಟ್ರು.

"ನಾನೇ ಒದ್ದೆ ಮಾಡ್ಕೊಂಡೆ ಸಾರ್."

"ಇಷ್ಟು ಜೋಪಾನ ಇಲ್ದೋಳಿಗೆ ಮುಂದಿನ ಕೆಲಸ ಹೇಗೆ ಕೊಡ್ಲಿ?"

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಪರಗಂಡಸರೆದುರು ಮಾತಾಡಿದವಳಲ್ಲ ನಾನು. ಸೆರಗು ಹೊದ್ದು ಬಂದು ನೆಲ ನೋಡುತ್ತಾ ಹೇಳಿದೆ: "ಅವ್ಳಲ್ಲ ಸ್ವಾಮಿ. ನಾನು ಗಂಧ ಹಚ್ಚಿದ್ದು."

"ಎಲ್ಲಾ ಬಿಂದುಗೂನಾ ಅಮ್ಮ?"

"ಒಂದೂ ಬಿಟ್ಟಿಲ್ಲ."

ಅವರು ಜೋರಾಗಿ ನಕ್ಕರು. ತೊಳೆದು ಒಣಗಿಸಿ ಸಂಜೆ ತೋರಿಸಲು ಹೇಳಿದರು.

ಅವಳು ಸ್ಪಿರಿಟಿನಲ್ಲಿ ಉಜ್ಜಿ, ಫ್ಯಾನಿನ ಮುಂದೆ ಒಣಗಿಸಿದಳು. ನನಗೊಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು. ಸಂಜೆ ಪ್ರತಿ ಬಿಂದುವೂ ತನ್ನದೇ ಉತ್ತರ ಕೊಟ್ಟಿತು. "ಮುಂದುವರಿಸು," ಎಂದ ಮೇಷ್ಟ್ರ ದನಿ ಹಿತ್ತಲಿಗೂ ಕೇಳಿಸಿತು.

"ಅಜ್ಜೀ, ಸಾರ್ ನಿನ್ನ ಕರೀತಿದಾರೆ, ಬಾರೇ!" ಎಂದು ಕೂಗಿದಳು.

ಆಗಲೇ ತೊಳೆದಿಟ್ಟಿದ್ದ ಕೊಡವನ್ನು ನಾನು ಮತ್ತೆ ತಿಕ್ಕುತ್ತಿದ್ದೆ. ಬಂದೆ ಎಂದೆ, ಹೋಗಲಿಲ್ಲ.