ಹಗಲು ಫ್ಯಾನು, ರಾತ್ರಿ ಲೈಟು

ಮಾದಾಪುರದ ಬಸ್‌ಸ್ಟ್ಯಾಂಡಿನಿಂದ ಸೋಮವಾರಪೇಟೆ ಕಡೆಗೆ ನೂರು ಹೆಜ್ಜೆ ನಡೆದರೆ ಎಡಗಡೆಗೆ ಸಣ್ಣಸ್ವಾಮಿಯ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಗೆ. ನಾಲ್ಕು ಕಂಬ, ಮೇಲೆ ತಗಡು, ಒಳಗೆ ಚಾರ್ಜಿಗಿಟ್ಟ ಬ್ಯಾಟರಿಗಳ ಸಾಲು, ಕಂಬದ ತುಂಬ ತೂಗುಬಿಟ್ಟ ವೈರು. ಗಾಡಿಗಳ ಕರೆಂಟ್ ಕೆಲಸದಲ್ಲಿ ಅವನಿಗೆ ಸರಿಸಾಟಿ ಇಲ್ಲವೆಂದು ಸುತ್ತಲಿನ ಎಸ್ಟೇಟಿನವರೆಲ್ಲ ಹೇಳುತ್ತಿದ್ದರು. ಅವರಿಗಿಂತ ಹೆಚ್ಚಾಗಿ ಅವನೇ ಹೇಳಿಕೊಳ್ಳುತ್ತಿದ್ದ.

ಹೇಳಿಕೊಳ್ಳುವುದಕ್ಕೆ ಕಾರಣವೂ ಇತ್ತು, ಬಿಡಿ. ಎಸ್ಟೇಟಿನ ಕೂಲಿ ಲೈನಿನಲ್ಲಿ ಹುಟ್ಟಿದವನು, ಏಳನೇ ತರಗತಿಗೆ ಶಾಲೆ ಬಿಟ್ಟವನು, ಕುಶಾಲನಗರದ ಗ್ಯಾರೇಜೊಂದರಲ್ಲಿ ಹತ್ತು ವರ್ಷ ಬೈಸಿಕೊಂಡು ಕೆಲಸ ಕಲಿತವನು. ಬೈಸಿಕೊಂಡು ಕಲಿತವನು ಕೆಲಸದ ಜೊತೆಗೆ ಬೈಯುವುದನ್ನೂ ಕಲಿತುಬಂದ. ಗಿರಾಕಿಗಳಿಗೆ ಬೈಯುವಂತಿಲ್ಲ. ಅಂಗಡಿಯಲ್ಲಿ ಇನ್ನುಳಿದವಳು ಹೆಂಡತಿ ಮುದ್ದಿ ಒಬ್ಬಳೇ. ಹಾಗಾಗಿ ಇದ್ದಬದ್ದ ಬೈಗುಳವೆಲ್ಲ ಅವಳ ಪಾಲಿಗೆ ಬಂತು.

ಮುದ್ದಿ ಹುದಿಕೇರಿ ಕಡೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನಿಗೆ ಊಟ ತಂದುಕೊಡುತ್ತಿದ್ದವಳು, ಆಮೇಲೆ ಬ್ಯಾಟರಿಗಳಿಗೆ ನೀರು ಹಾಕಲು ನಿಂತಳು, ಆಮೇಲೆ ಮೀಟರ್ ಹಿಡಿಯುವುದನ್ನೂ ಕಲಿತಳು. ಯಾರೂ ಕಲಿಸಲಿಲ್ಲ, ನೋಡಿ ನೋಡಿ ಕಲಿತಳು. ಯಾವ ಬ್ಯಾಟರಿ ಇನ್ನು ಎಷ್ಟು ದಿನ ಬಾಳುತ್ತದೆ ಎಂಬುದನ್ನು ಗಂಡನಿಗಿಂತ ಮೊದಲೇ ಹೇಳುವಷ್ಟು ತಿಳಿದಿತ್ತು. ಆದರೆ ಬಾಯಿ ಬಿಟ್ಟು ಹೇಳುವುದು ಕಡಿಮೆ.

ಈ ಊರಿನಲ್ಲಿ ಸಣ್ಣಸ್ವಾಮಿಗೆ ಅಕ್ಷರ ಕಲಿಸಿದವರು ಗೋಪಿನಾಥ ಮೇಷ್ಟ್ರು. ನಿವೃತ್ತರಾಗಿ ಹತ್ತು ವರ್ಷವಾದರೂ ಅವರ ಹಳೆಯ ಪೆಟ್ರೋಲ್ ಅಂಬಾಸಿಡರ್ ಇನ್ನೂ ನಿವೃತ್ತಿಯಾಗಿರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಡಿಕೇರಿ ಏರು ಹತ್ತುವಾಗ ಅದು ಬಿಸಿಯಾಗಿ ನಿಲ್ಲುತ್ತಿತ್ತು. ವಯಸ್ಸಾದ ಗಾಡಿ, ಬೆಲ್ಟಿನಿಂದ ತಿರುಗುವ ಅದರ ಫ್ಯಾನಿನ ಗಾಳಿ ಸಾಲುತ್ತಿರಲಿಲ್ಲ. ರೇಡಿಯೇಟರಿನ ಮುಂದೆ ಎರಡು ದೊಡ್ಡ ಕರೆಂಟ್ ಫ್ಯಾನ್ ಕೂರಿಸಿಕೊಡು ಎಂದು ಮೇಷ್ಟ್ರು ಕೇಳಿದರು. ಗುಜರಿಯಲ್ಲಿ ಸಿಕ್ಕ ಒಂದು ದೊಡ್ಡ ಕಾರಿನ ಫ್ಯಾನುಗಳನ್ನು ಸಣ್ಣಸ್ವಾಮಿ ತಂದ, ಕೂರಿಸಿದ, ಸ್ಟೇರಿಂಗಿನ ಪಕ್ಕ ಒಂದು ಸ್ವಿಚ್ಚು ಕೊಟ್ಟ. ಹಾಕಿ ನೋಡಿದರೆ ಎದುರಿಗೆ ನಿಂತವರ ಪಂಚೆ ಹಾರುವಷ್ಟು ಗಾಳಿ.

ಆ ಗಾಳಿಗೆ ಕರೆಂಟು ಬೇಕಲ್ಲ? ಎರಡು ಫ್ಯಾನು ಸೇರಿ ಇಪ್ಪತ್ತೆರಡು ಆಂಪಿಯರ್ ಎಳೆಯುತ್ತಿದ್ದವು. ಆ ಹಳೆಯ ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಜೋರಾಗಿ ತಿರುಗಿದರೂ ಕೊಡುವುದು ಮೂವತ್ತೈದು. ಇಂಜಿನ್ ನಿಧಾನಕ್ಕೆ ಗುರುಗುಡುತ್ತಾ ನಿಂತಾಗ ಅದರ ಅರ್ಧವೂ ಇಲ್ಲ. ಕೊರತೆ ಬಿದ್ದದ್ದನ್ನು ಬ್ಯಾಟರಿ ತುಂಬಬೇಕು. ಹಂಡೆಗೆ ಬೀಳುವ ನೀರಿಗಿಂತ ತೋಡುವ ನೀರು ಹೆಚ್ಚಾದರೆ ಹಂಡೆ ಎಷ್ಟು ಹೊತ್ತು ತಡೆದೀತು! ಇದು ಸಣ್ಣಸ್ವಾಮಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೇ ಒಂದು ಉಪಾಯ ಹೂಡಿದ.

"ಮೇಷ್ಟ್ರೇ, ಹಗಲು ಫ್ಯಾನು, ರಾತ್ರಿ ಲೈಟು. ಇಷ್ಟು ನೆನಪಿಟ್ಕೊಳ್ಳಿ ಸಾಕು. ಹಗಲು ಬಿಸಿ, ಲೈಟ್ ಬೇಡ. ರಾತ್ರಿ ತಂಪು, ಫ್ಯಾನ್ ಬೇಡ. ಎರಡೂ ಒಟ್ಟಿಗೆ ಬರೋದೇ ಇಲ್ಲ," ಎಂದ.

ಮೇಷ್ಟ್ರು ತಲೆಯಾಡಿಸಿದರು. ಚಹಾ ಕುಡಿಯುತ್ತಾ ನಿಂತಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಿಲನ್ ಮತ್ತು ಇನ್ನಿಬ್ಬರು ಡ್ರೈವರುಗಳು ಭಲೇ ಎಂದರು. ಆಗ ಬ್ಯಾಟರಿಗಳ ಹತ್ತಿರ ಕೂತಿದ್ದ ಮುದ್ದಿ ತಲೆಯೆತ್ತಿ ಕೇಳಿದಳು:

"ಅಲ್ಲ, ಮಳೆಗಾಲ್ದಲ್ಲಿ ಮಂಜು ಮುಚ್ಕೊಂಡ್ರೆ ಹಗಲೂ ಲೈಟ್ ಹಾಕ್ಬೇಕಲ್ವ? ವೈಪರೂ ಓಡ್ತಿರ್ತದೆ. ಆಗ ಎಲ್ಲ ಒಟ್ಟಿಗೆ ಎಳೀತದಲ್ಲ?"

ಮಡಿಕೇರಿ ರಸ್ತೆಯನ್ನು ಜುಲೈ ತಿಂಗಳಲ್ಲಿ ಒಮ್ಮೆ ನೋಡಿದ ಯಾರಾದರೂ ಕೇಳಬೇಕಾದ ಪ್ರಶ್ನೆ. ಸಣ್ಣಸ್ವಾಮಿಗೂ ಆ ಕ್ಷಣಕ್ಕೆ ಹೌದಲ್ಲ ಎನಿಸಿತು. ಆದರೆ ಹೊರಗೆ ಸುಡುವ ಬಿಸಿಲು, ಎದುರಿಗೆ ಭಲೇ ಎಂದ ಜನ, ಪಕ್ಕದಲ್ಲಿ ಕಲಿಸಿದ ಗುರು.

"ಓಹೋ, ಬಂದ್ರಪ್ಪ ಇಂಜಿನಿಯರಮ್ಮ! ಆಂಪಿಯರ್ ಅಂದ್ರೆ ಸೇರಲ್ಲಿ ಅಳೆಯೋ ಅಕ್ಕಿ ಅಂದ್ಕೊಂಡ್ಯಾ? ನಿಂಗೆ ನೀರು ಹುಯ್ಯೋ ಕೆಲಸ ಕೊಟ್ಟಿದೀನಿ, ಹುಯ್ಯಿ. ಗಂಡಸರ ಮಾತಿನ ಮಧ್ಯೆ ಮೂಗು ತೂರಿಸ್ಬೇಡ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಮುದ್ದಿ ತಲೆ ತಗ್ಗಿಸಿ ನೀರು ಹಾಕತೊಡಗಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದವನಿಗೆ ಅದು ಸಂಜೆಯ ಹೊತ್ತಿಗೆ ಮರೆತೇ ಹೋಗಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಹುದಿಕೇರಿಯಿಂದ ಮುದ್ದಿಯ ತಮ್ಮ ಲಿಂಗ ಫೋನ್ ಮಾಡಿದ. ಅವ್ವನಿಗೆ ಉಸಿರು ಕಟ್ಟುತ್ತಿದೆ, ಡಾಕ್ಟರು ಬಂದು ನೋಡಿ ಇವತ್ತೋ ನಾಳೆಯೋ ಎಂದಿದ್ದಾರೆ, ಅವ್ವ ಮಾತ್ರ ಕಣ್ಣು ಬಿಟ್ಟಾಗಲೆಲ್ಲ ಮುದ್ದಿ ಎಲ್ಲಿ ಎಂದು ಕೇಳುತ್ತಿದ್ದಾಳೆ, ಬೇಗ ಬಾ ಅಕ್ಕ ಎಂದ. ಮಾದಾಪುರದಿಂದ ಹುದಿಕೇರಿಗೆ ಬಸ್ಸಿನಲ್ಲಿ ಹೋಗುವುದೆಂದರೆ ಅಲ್ಲಲ್ಲಿ ಇಳಿದು ಹತ್ತಬೇಕು, ಆ ಮಳೆಯಲ್ಲಿ ಇಡೀ ದಿನ ಹಿಡಿದೀತು. ವಿಷಯ ತಿಳಿದ ಕೂಡಲೇ ಮೇಷ್ಟ್ರು ಕಾರು ತೆಗೆದರು.

"ಹತ್ತು ತಾಯಿ, ಒಂದೂವರೆಗೆಲ್ಲ ನಿನ್ನ ಅವ್ವನ ಹತ್ರ ಬಿಡ್ತೀನಿ," ಎಂದರು.

ಮಳೆ ಹಿಡಿದು ಆಗಲೇ ವಾರವಾಗಿತ್ತು. ಮಂಜಿನಲ್ಲಿ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಮೇಷ್ಟ್ರು ಲೈಟ್ ಹಾಕಿದ್ದರು, ವೈಪರ್ ಹಾಕಿದ್ದರು. ಹಗಲು ಹೊತ್ತಾದ್ದರಿಂದ ಶಿಷ್ಯ ಹೇಳಿಕೊಟ್ಟ ಪಾಠದಂತೆ ಫ್ಯಾನನ್ನೂ ಹಾಕಿದ್ದರು. ಜೀವಮಾನವೆಲ್ಲ ಮಕ್ಕಳಿಗೆ ಹೇಳಿದಂತೆ ಕೇಳಿ ಎಂದು ಕಲಿಸಿದ ಮನುಷ್ಯ ತಾವೂ ಹೇಳಿದಂತೆ ಕೇಳುತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತ ಸಣ್ಣಸ್ವಾಮಿ ಅತ್ತೆಯ ಯೋಚನೆಯಲ್ಲಿದ್ದ. ಫ್ಯಾನಿನ ಸದ್ದು ಮಳೆಯ ಸದ್ದಿನಲ್ಲಿ ಬೆರೆತುಹೋಗಿತ್ತು.

ಮಕ್ಕಂದೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಗುಡ್ಡದ ಬರೆ ಕುಸಿದು ಮಣ್ಣು ಅರ್ಧ ರಸ್ತೆಗೆ ಬಂದಿತ್ತು. ಜೆಸಿಬಿ ಮಣ್ಣು ತೆಗೆಯುತ್ತಿತ್ತು, ಗಾಡಿಗಳು ಸಾಲಾಗಿ ನಿಂತಿದ್ದವು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದೋ ಇಲ್ಲವೋ ಎಂದು ಮೇಷ್ಟ್ರು ಇಂಜಿನನ್ನು ಓಡಲು ಬಿಟ್ಟರು. ಸಣ್ಣಸ್ವಾಮಿ ಕೊಡೆ ಹಿಡಿದು ಇಳಿದು ಮುಂದೆ ಹೋದ. ಅಲ್ಲಿ ಗುರುತಿನ ಡ್ರೈವರುಗಳು ಸಿಕ್ಕರು. ಯಾವ ಊರಲ್ಲಿ ಎಷ್ಟು ಮಳೆ, ಎಲ್ಲೆಲ್ಲಿ ಬರೆ ಕುಸಿದಿದೆ ಎಂಬ ಮಾತಿನಲ್ಲಿ ಮುಕ್ಕಾಲು ಗಂಟೆ ಕಳೆದದ್ದು ತಿಳಿಯಲಿಲ್ಲ. ದಾರಿ ಬಿಟ್ಟಾಗ ಓಡಿಬಂದು ಕಾರು ಹತ್ತಿದ. ಮೇಷ್ಟ್ರು ಗೇರು ಹಾಕಿದರು. ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕೀ ತಿರುಗಿಸಿದರೆ ಟಕ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ.

ಬಾನೆಟ್ ಎತ್ತುವ ಮೊದಲೇ ಅವನಿಗೆ ಗೊತ್ತಾಯಿತು. ಇಪ್ಪತ್ತೆರಡು, ಲೈಟಿಗೆ ಹನ್ನೆರಡು, ವೈಪರಿಗೆ ನಾಲ್ಕು, ಇಂಜಿನ್ನಿಗೇ ನಾಲ್ಕು. ನಲವತ್ತೆರಡು ಕೇಳುವಲ್ಲಿ ಹದಿನೈದು ಸಿಕ್ಕಿದೆ. ಬ್ಯಾಟರಿಯಲ್ಲಿ ಹನಿ ಉಳಿದಿರಲಿಲ್ಲ. ಹಿಂದಿನ ಸೀಟಿನಿಂದ ಮುದ್ದಿ ಅವನ ಮುಖವನ್ನೇ ನೋಡುತ್ತಿದ್ದಳು.

"ಕಿಡಿ ಹಂಚೋ ಡಿಸ್ಟ್ರಿಬ್ಯೂಟರಿಗೆ ನೀರು ನುಗ್ಗಿದೆ ಮೇಷ್ಟ್ರೇ. ಈ ಮಳೇಲಿ ಏನ್ ಮಾಡೋಕಾಗ್ತದೆ," ಎಂದ.

ಹಿಂದೆ ನಿಂತಿದ್ದ ಗಾಡಿಗಳೆಲ್ಲ ಪಕ್ಕದಲ್ಲಿ ನುಸುಳಿ ಹೋದವು. ಮುದ್ದಿಯನ್ನಾದರೂ ಹತ್ತಿಸಿಕೊಳ್ಳಿ ಎಂದು ಎರಡಕ್ಕೆ ಕೈ ಅಡ್ಡ ಹಾಕಿದ, ಜಾಗವಿಲ್ಲ ಎಂದರು. ಕೊನೆಗೊಂದು ಪಿಕಪ್ ನಿಂತು, ಅದರ ಬ್ಯಾಟರಿಯಿಂದ ವೈರು ಎಳೆದು ಕಾರು ಎಬ್ಬಿಸುವ ಹೊತ್ತಿಗೆ ಆ ತಿರುವಿನಲ್ಲೇ ಒಟ್ಟು ಎರಡು ತಾಸು ಹೋಗಿತ್ತು. ಮತ್ತೆ ಹೊರಟಾಗ ಸಣ್ಣಸ್ವಾಮಿ ಫ್ಯಾನಿನ ಸ್ವಿಚ್ಚು ಆರಿಸಿದ. ಹುದಿಕೇರಿ ಮುಟ್ಟಿದಾಗ ಮೂರೂವರೆ. ಅವ್ವ ಹೋಗಿ ಒಂದು ಗಂಟೆಯಾಗಿತ್ತು.

ಲಿಂಗ ಅಕ್ಕನನ್ನು ಹಿಡಿದುಕೊಂಡು ಅತ್ತ. "ಕೇಳ್ತಾನೇ ಇದ್ಲು ಅಕ್ಕ, ಮುದ್ದಿ ಎಲ್ಲಿಗೆ ಬಂದ್ಲು ಅಂತ. ನಿನ್ನ ಫೋನ್ ಸಿಕ್ತಿರ್ಲಿಲ್ಲ. ಮಡಿಕೇರಿ ದಾಟಿದ್ಲು ಅಂದೆ. ಆಮೇಲೆ ಗೋಣಿಕೊಪ್ಪ ಬಿಟ್ಲು ಅಂದೆ. ಇನ್ನು ಏನಂತ ಹೇಳೋದು ಅನ್ನೋವಾಗ ಹೋಗ್ಬಿಟ್ಲು." ಮುದ್ದಿ ಅವ್ವನ ಕಾಲು ಹಿಡಿದು ಕೂತಳು. ಸಣ್ಣಸ್ವಾಮಿ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ನಿಂತ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮುಂದಿನ ವಾರ ಅವನೇ ಮೇಷ್ಟ್ರ ಮನೆಗೆ ಹೋಗಿ, ದೊಡ್ಡ ಆಲ್ಟರ್ನೇಟರ್ ಕೂರಿಸಿದ. ನೀರು ಬಿಸಿಯಾದರೆ ಮಾತ್ರ ಫ್ಯಾನು ತಾನಾಗಿ ತಿರುಗುವಂತೆ ಮಾಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಯಾಕೆಂದು ಮೇಷ್ಟ್ರು ಕೇಳಿದರೆ, ಇರಲಿ ಎಂದಷ್ಟೇ ಹೇಳಿದ. ಅಂಗಡಿಯಲ್ಲಿ ಅವನ ಬಾಯಿ ಕಡಿಮೆಯಾಯಿತು. ವಯಸ್ಸಾದ ಹಾಗೆ ಮನುಷ್ಯ ಮಾಗಿದ ಎಂದು ಜನ ಹೊಗಳಿದರು. ಆ ಹೊಗಳಿಕೆ ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಮುದ್ದಿಯ ಮುಂದೆ ಊಟಕ್ಕೆ ಕೂತು, ಉಪ್ಪು ಕೇಳಿ ಎದ್ದುಬಂದಿದ್ದ. ಹಾಗೇ ಮೂರು ವರ್ಷ ಕಳೆಯಿತು.

ಈ ಫೆಬ್ರವರಿಯಲ್ಲಿ ಹಂಸಿನಿ ಎಂಬ ಟೀಚರಮ್ಮ ತನ್ನ ಹಳೆಯ ಕಾರಿಗೆ ಎ.ಸಿ. ಹಾಕಿಸಿ, ಅದಕ್ಕೆ ದೊಡ್ಡ ಫ್ಯಾನ್ ಬೇಕೆಂದು ಬಂದಳು. ಸಣ್ಣಸ್ವಾಮಿ ರಟ್ಟಿನ ಮೇಲೆ ಲೈಟು, ವೈಪರು, ಫ್ಯಾನು, ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಬರೆದು, ಇಷ್ಟು ಭಾರ ಈ ಗಾಡಿ ಹೊರುವುದಿಲ್ಲ, ಆಲ್ಟರ್ನೇಟರ್ ಬದಲಾಯಿಸದೆ ನಾನು ಕೈ ಹಾಕುವುದಿಲ್ಲ ಎಂದ. ಆಕೆ ಯೋಚಿಸಿ ಬರುತ್ತೇನೆಂದು ಹೋದಳು. ಅಂಗಡಿಯಲ್ಲಿ ಇಬ್ಬರೇ ಉಳಿದರು. ರಟ್ಟು ಇನ್ನೂ ಅವನ ಕೈಯಲ್ಲಿತ್ತು.

"ಮುದ್ದಿ, ಅವತ್ತು ಡಿಸ್ಟ್ರಿಬ್ಯೂಟರಿಗೆ ನೀರು ಹೋಗಿರ್ಲಿಲ್ಲ," ಎಂದ. "ನನ್ನ ಲೆಕ್ಕ ತಪ್ಪಿತ್ತು. ನೀನು ಹೇಳಿದ್ದೇ ಸರಿ. ನನ್ನಿಂದಾಗಿ ನಿಂಗೆ ನಿನ್ನವ್ವ ಸಿಗ್ಲಿಲ್ಲ."

ಮುದ್ದಿ ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿ ಮಾಡಿದಳು. ಕೈ ಒರೆಸಿಕೊಂಡಳು.

"ನಂಗೆ ಅವತ್ತೇ ಗೊತ್ತಿತ್ತು," ಎಂದಳು. "ನೀವು ಇಳಿದು ಹೋದ್ರಲ್ಲ, ಸ್ವಲ್ಪ ಹೊತ್ತಿಗೇ ಮುಂದಿನ ಜೀಪಿನ ಮೇಲೆ ನಮ್ಮ ಲೈಟು ಹಳದಿ ಆಗ್ತಾ ಬಂತು. ವೈಪರು ಎಳೀಲಾರ್ದೆ ಎಳೀತಿತ್ತು. ಮುಂದಕ್ಕೆ ಬಗ್ಗಿ ಕೈ ಚಾಚಿದ್ರೆ ಫ್ಯಾನಿನ ಸ್ವಿಚ್ಚು ಸಿಗ್ತಿತ್ತು. ಮೇಷ್ಟ್ರಿಗೊಂದು ಮಾತು ಹೇಳಿದ್ರೂ ಆರಿಸ್ತಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಬಂದು, ನನ್ನ ಕೆಲಸದಲ್ಲಿ ಯಾಕೆ ಕೈ ಹಾಕ್ದೆ ಅಂತ ಮತ್ತೆ ಮೇಷ್ಟ್ರ ಮುಂದೆ ಬೈತೀರಿ ಅಂತ ಹೆದರ್ಕೆ ಆಯ್ತು. ಅವ್ವನ ಹತ್ರ ಹೋಗೋವಾಗ ಬೈಸ್ಕೊಂಡು ಹೋಗೋದು ಬೇಡ ಅಂತ ಸುಮ್ನೆ ಕೂತೆ."

ಇಷ್ಟು ಹೇಳಿ ಅವಳು ಮುಂದಿನ ಬ್ಯಾಟರಿಯ ಮುಚ್ಚಳ ತೆಗೆದಳು. ಮೂರು ವರ್ಷದಿಂದ ತನ್ನ ತಪ್ಪು ಇಪ್ಪತ್ತೇಳು ಆಂಪಿಯರಿನದು ಎಂದುಕೊಂಡಿದ್ದ ಸಣ್ಣಸ್ವಾಮಿ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತು ಮಗುವಿನ ಹಾಗೆ ಅಳತೊಡಗಿದ.