ಚುಕ್ಕೆ ಇಡದ ಕಾರ್ಡು

ರೇಡಿಯೋ ರಿಪೇರಿಯವನು ಶಿಸ್ತಿನ ಮನುಷ್ಯ ಅಂದರೆ ಅವನ ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ಚಪ್ಪಲಿ ಎಲ್ಲಿ ಬಿಟ್ಟೆನೆಂದು ನೆನಪಿರದ ಆಸಾಮಿ! ಆದರೆ ಕೆಲಸದ ಮೇಜಿಗೆ ಕೂತನೆಂದರೆ ಒಂದೇ ನಿಯಮ: ಕೆಲಸ ಮುಗಿದ ವಸ್ತುವಿಗೆ ಹೆಂಡತಿಯ ಉಗುರುಬಣ್ಣದಿಂದ ಕೆಂಪು ಚುಕ್ಕೆ. ಚುಕ್ಕೆ ಇದ್ದರೆ ಮುಟ್ಟಬಾರದು, ಇಲ್ಲದಿದ್ದರೆ ಕೆಲಸ ಬಾಕಿ. ಇಪ್ಪತ್ತು ವರ್ಷ ಆ ನಿಯಮ ಅವನಿಗೆ ಕೈಕೊಟ್ಟಿರಲಿಲ್ಲ.

ಮಗಳಿಗೆ ಆರು ತುಂಬಿದಾಗ ಅವಳಿಗೊಂದು ಕಂಪ್ಯೂಟರ್ ಮಾಡಿಕೊಟ್ಟಿದ್ದ. ಅಂಗೈಯಗಲದ ಒಂದೇ ಬೋರ್ಡು, ಪರದೆಗೆ ಹಳೇ ಟಿವಿ, ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಚಿತ್ರ, ಅಕ್ಷರ, ಲೆಕ್ಕ ಕಲಿಸುವ ಮಕ್ಕಳ ತಂತ್ರಾಂಶ. ಲೆಕ್ಕದ ಆಟದಲ್ಲಿ ಯಾರೋ ಹೆಂಗಸು ಅಂಕಿ ಹೇಳುತ್ತಿದ್ದಳು. "ಅಪ್ಪಾ, ಇವಳು ಬೇಡ. ನಾನೇ ಹೇಳ್ತೀನಿ," ಅಂದಳು ಮಗಳು. ಅಪ್ಪ ಮೈಕು ಹಿಡಿದು ಅವಳ ದನಿಯನ್ನು ಅದೇ ಕಾರ್ಡಿಗೆ ತುಂಬಿಸತೊಡಗಿದ. ಎಂಟಾದ ಮೇಲೆ ಅವಳಿಗೆ ಸೀದಾ ಹತ್ತು. "ಒಂಬತ್ತು ಎಲ್ಲಿ ಹೋಯ್ತೇ?" ಎಂದು ಅಮ್ಮ ರೇಗಿಸಿದರೆ, "ಅದು ಕಷ್ಟ ಅಮ್ಮಾ, ನಾಳೆ ಹೇಳ್ತೀನಿ." ಆಟದಲ್ಲಿ ಒಂಬತ್ತರ ಜಾಗ ಖಾಲಿಯೇ ಉಳಿಯಿತು. ಇಪ್ಪತ್ತರವರೆಗೆ ಮುಗಿಸಿ ಚುಕ್ಕೆ ಇಡೋಣ ಎಂದು ಅಪ್ಪ-ಮಗಳು ಮಾತಾಡಿಕೊಂಡಿದ್ದರು. ಹನ್ನೆರಡಕ್ಕೆ ಬಂದಿತ್ತು. ಹಾಳಾದ ಜ್ವರ, ಒಂದೇ ವಾರದಲ್ಲಿ ಮಗುವನ್ನು ಹೊತ್ತುಕೊಂಡು ಹೋಯಿತು.

ಎರಡು ವರ್ಷವಾಯಿತು. ದಿನಾ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಅಮ್ಮ ಆ ಟಿವಿ ಮುಂದೆ ಕೂರುತ್ತಿದ್ದಳು. ಹನ್ನೆರಡರವರೆಗೆ ಕೇಳಿಸಿಕೊಂಡು ಏಳುತ್ತಿದ್ದಳು. ಅಷ್ಟು ಕೇಳಿದರೇನೇ ಅವಳಿಗೆ ಆ ದಿನ ದಾಟುತ್ತಿತ್ತು.

ಮೊನ್ನೆ ಗ್ರಂಥಾಲಯದ ಮೇಡಂ ಮಕ್ಕಳ ಕೋಣೆಗೆ ಅಂಥವೇ ಐದು ಬೇಕೆಂದರು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಗೊಣಗುತ್ತಲೇ ಹೆಂಡತಿ ಬೋರ್ಡುಗಳ ಧೂಳು ಒರೆಸಿಕೊಟ್ಟಳು. ಐದರಲ್ಲಿ ಒಂದು ಚಾಲೂ ಆಗಲಿಲ್ಲ. ದೋಷ ಬೋರ್ಡಿನದೋ ವೈರಿನದೋ ನೋಡಲು ಮಗಳ ಬೋರ್ಡನ್ನು ಮೇಜಿಗೆ ತಂದ, ಅದರ ಕಾರ್ಡು ತೆಗೆದು ಪಕ್ಕಕ್ಕಿಟ್ಟ. ಅಲ್ಲೇ ಐದು ಖಾಲಿ ಕಾರ್ಡುಗಳಿದ್ದವು. ಎಲ್ಲವೂ ಕಪ್ಪು, ಎಲ್ಲವೂ ಒಂದೇ ಅಚ್ಚು. ತಪ್ಪು ವೈರಿನದೆಂದು ತಿಳಿದ ಖುಷಿಯಲ್ಲಿ ಚುಕ್ಕೆ ಇಲ್ಲದ ಕಾರ್ಡು ಒಂದೊಂದೇ ತೆಗೆದುಕೊಂಡ, ರೂಢಿಯಂತೆ ಮೊದಲು ಪೂರ್ತಿ ಅಳಿಸಿದ, ತಂತ್ರಾಂಶ ತುಂಬಿದ, ಚುಕ್ಕೆ ಇಟ್ಟ. ಐದಾದವು. ಉಳಿದದ್ದನ್ನು ಮಗಳ ಬೋರ್ಡಿಗೆ ಹಾಕಿ ಸ್ವಿಚ್ ಒತ್ತಿದ. ಪರದೆ ಕಪ್ಪಗೇ ಇತ್ತು.

ಉಳಿದದ್ದು ಖಾಲಿ ಕಾರ್ಡು; ಅಳಿಸಿದ ಐದರಲ್ಲಿ ಮಗಳದ್ದೂ ಒಂದು. ಅಯ್ಯೋ, ಕಂಡಕಂಡವರಿಗೆಲ್ಲ "ನಕಲು ಇಟ್ಕೊಳ್ಳಿ ಸ್ವಾಮಿ" ಎಂದು ಬುದ್ಧಿ ಹೇಳುವವನು ತನ್ನದಕ್ಕೊಂದು ನಕಲು ಇಟ್ಟಿರಲಿಲ್ಲ! ಐದನ್ನೂ ಹಾಕಿ ನೋಡಿದ. ಐದರಲ್ಲೂ ಅದೇ ಹೆಂಗಸು. "ಏಳು, ಎಂಟು, ಒಂಬತ್ತು..."

ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ಒಂಬತ್ತು ಹೇಳಿದ್ದು ಯಾರು?"

ಅವಳು ಮೇಜು ನೋಡಿದಳು, ಕಾರ್ಡುಗಳನ್ನು ನೋಡಿದಳು.

"ಅವಳದ್ದಕ್ಕೆ ಚುಕ್ಕೆ ಇಟ್ಟಿರ್ಲಿಲ್ವಾ?"

"ಮುಗಿದಿರ್ಲಿಲ್ವಲ್ಲ ಕಣೇ. ಇಪ್ಪತ್ತಾಗ್ಬೇಕಿತ್ತು," ಎಂದವನೇ ಗೊಳೋ ಎಂದು ಅತ್ತುಬಿಟ್ಟ.

ಅವಳು ಬೈಯಲಿಲ್ಲ. ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದ. ಕೈ ಒರೆಸಿಕೊಂಡು ಉಗುರುಬಣ್ಣದ ಸೀಸೆ ತೆಗೆದಳು, ಮಗಳ ಬೋರ್ಡಿನ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟಳು.

"ಈಗ ಮುಗೀತಲ್ಲ ರೀ," ಅಂದಳು.